ಆಟ ಕಟ್ಟಿ ಚೀನೀ ಕಲಿಯುವುದು: ಖರ್ಚು ಯಾರದು?

ಚೀನೀ ಮಾತಿನಲ್ಲಿ ‘ಮಾ’ ಎಂದರೆ, ದನಿಯ ಏರಿಳಿತಕ್ಕೆ ತಕ್ಕಂತೆ, ತಾಯಿ, ಸೆಣಬು, ಕುದುರೆ ಅಥವಾ ಬಯ್ಯುವುದು. ಬರಿಯ ಉರುಹೊಡೆದರೆ ಇದು ದಕ್ಕದು. ಬೇಸಗೆ ಶಿಬಿರದಲ್ಲಿ ಮಕ್ಕಳೇ ಇದರಿಂದ ರಟ್ಟಿನ ಎಲೆಯಾಟ ಕಟ್ಟಲಿ. ದನಿ ತಪ್ಪಿ ತಾಯಿಯನ್ನು ಕುದುರೆಯೆಂದವನು ಸೋತ! ಮರದ ಅಕ್ಷರ ಎರಡು ಕೂಡಿದರೆ ತೋಪು, ಮೂರು ಕೂಡಿದರೆ ಕಾಡು, ಅದೂ ಆಟವೇ. ನಿಯಮ ಕಟ್ಟುವವನು ಆಡುವವನಿಗಿಂತ ಹೆಚ್ಚು ಕಲಿಯುತ್ತಾನೆಂದು ನಮ್ಮ ನಂಬಿಕೆ.

ಆದರೆ ಖರ್ಚು ಯಾರದು? ಅಮೆರಿಕದ ಸರ್ಕಾರ 2006ರಲ್ಲಿ ‘ಸ್ಟಾರ್‌ಟಾಕ್’ ಯೋಜನೆ ಹೂಡಿ, ಚೀನೀ ಮೊದಲಾದ ಭಾಷೆಗಳ ಬೇಸಗೆ ತರಗತಿಗಳಿಗೆ ಬೊಕ್ಕಸದಿಂದ ಹಣ ಕೊಟ್ಟಿತು. ಮಕ್ಕಳ ಮೇಲಿನ ಮಮತೆಯಿಂದಲ್ಲ, ದೇಶರಕ್ಷಣೆಗೆ ಭಾಷೆ ಬಲ್ಲವರು ಬೇಕಾಗಿತ್ತು. ರಕ್ಷಣೆಗೆ ಹುಟ್ಟುವ ಹಣ ಗಿರಣಿಯಾಳಿನ ಮಗುವಿನ ಕಲಿಕೆಗೆ ಏಕೆ ಹುಟ್ಟದು? ದುಬಾರಿ ಶುಲ್ಕದ ಶಿಬಿರಗಳನ್ನು ನಾವು ಒಪ್ಪೆವು. ಭಾಷೆ ಬಲ್ಲ ಒಬ್ಬ ಮೇಷ್ಟ್ರು, ರಟ್ಟು, ಕತ್ತರಿ ಇದ್ದರೆ ಸಂಘದ ಕೊಠಡಿಯೇ ಸಾಕು.