ಪರಸ್ಥಳದಲ್ಲಿ ಸಸ್ಯಾಹಾರ

ಪ್ರಯಾಣಕ್ಕೆ ಹೊರಟವರನ್ನು ನಮ್ಮ ಹಿರಿಯರು ಮೊದಲು ಕೇಳುತ್ತಿದ್ದ ಪ್ರಶ್ನೆ, ‘ಬುತ್ತಿ ಕಟ್ಟಿಕೊಂಡೆಯಾ?’ ಎಂಬುದು. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿಗಳ ಬಲದಿಂದಲೇ ಕಾಶಿ ರಾಮೇಶ್ವರಗಳನ್ನು ಮುಟ್ಟಿಬಂದವರು ಎಷ್ಟೋ ಮಂದಿ. ಆದರೆ ಬುತ್ತಿಗೂ ಒಂದು ಮಿತಿಯುಂಟು. ನಾಲ್ಕಾರು ದಿನಗಳಲ್ಲಿ ಅದು ಮುಗಿಯುತ್ತದೆ, ಇಲ್ಲವೆ ಬೇಸರ ಬರುತ್ತದೆ. ಆಮೇಲೆ ಯಾತ್ರಿಕನು ಬಾಯಿ ತೆರೆದು ಕೇಳಲೇಬೇಕು. ಹೇಗೆ ಕೇಳಬೇಕೆಂಬುದೇ ಈ ಹೊತ್ತಿನ ನಮ್ಮ ಮಾತು.

ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಜಪಾನು ದೇಶದ ಕ್ಯೋತೋ ನಗರಕ್ಕೆ ಹೋಗಿದ್ದೆವು. ನಮ್ಮೊಡನೆ ದೊಡ್ಡಮ್ಮನವರಿದ್ದರು, ಎಪ್ಪತ್ತು ದಾಟಿದವರು, ಜನ್ಮದಲ್ಲಿ ಮೊಟ್ಟೆಯನ್ನು ಸಹ ಮುಟ್ಟಿದವರಲ್ಲ. ಇಳಿದುಕೊಂಡಿದ್ದ ಬೀದಿಯಲ್ಲಿ ಒಂದು ಸಣ್ಣ ಊಟದ ಮನೆ. ಅಲ್ಲಿ ‘ಉದೊನ್’ ಎಂಬ ಗೋಧಿಯ ದಪ್ಪ ಶಾವಿಗೆಯನ್ನು ಬಿಸಿಸಾರಿನಲ್ಲಿ ಹಾಕಿ ಕೊಡುತ್ತಿದ್ದರು. ‘ಇದರಲ್ಲಿ ಮಾಂಸವಿದೆಯೆ?’ ಎಂದು, ಮೊಬೈಲಿನ ಭಾಷಾಂತರದ ಸಹಾಯದಿಂದ ಕೇಳಿದೆವು. ‘ಇಲ್ಲ’ ಎಂದು ಆತನು ತಲೆಬಾಗಿ ಹೇಳಿದನು. ಸಾರು ನಮ್ಮ ತಿಳಿಸಾರಿನಂತೆ ತೆಳ್ಳಗೆ, ಬಹು ರುಚಿಯಾಗಿತ್ತು. ಮೂರು ದಿನ ದೊಡ್ಡಮ್ಮನವರು ಸಂತೋಷದಿಂದ ಉಂಡರು. ನಾಲ್ಕನೆಯ ದಿನ, ಅಲ್ಲಿ ಓದುತ್ತಿದ್ದ ನಮ್ಮ ಕಡೆಯ ಹುಡುಗನೊಬ್ಬನು ಸಿಕ್ಕಿ ವಿಷಯವನ್ನು ಬಿಡಿಸಿ ಹೇಳಿದನು. ಆ ಸಾರಿನ ಜೀವಾಳವೇ ‘ಕಾತ್ಸುಓಬುಶಿ’ಯಂತೆ: ಸಮುದ್ರದ ಒಂದು ಮೀನನ್ನು ಬೇಯಿಸಿ, ಹೊಗೆಗೆ ಹಿಡಿದು, ಮರದ ತುಂಡಿನಂತೆ ಗಟ್ಟಿಯಾಗುವವರೆಗೆ ಒಣಗಿಸಿ, ಬಡಗಿಯ ಉಜ್ಜುಗೊರಡಿನಂಥ ಸಾಧನದಿಂದ ತೆಳ್ಳಗೆ ಹೆರೆದು ನೀರಿಗೆ ಹಾಕುತ್ತಾರೆ, ರಸವಿಳಿದ ಮೇಲೆ ಸೋಸಿ ತೆಗೆಯುತ್ತಾರೆ. ಬಟ್ಟಲಿನಲ್ಲಿ ಕಣ್ಣಿಗೆ ಕಾಣುವುದು ಏನೂ ಇಲ್ಲ.

ದೊಡ್ಡಮ್ಮನವರಿಗೆ ಹೇಳುವುದೋ ಬಿಡುವುದೋ ಎಂದು ನಾವು ಬಹಳ ಹೊತ್ತು ತೂಗಾಡಿದೆವು. ಹೇಳಿಯೇ ಬಿಟ್ಟೆವು. ಆ ರಾತ್ರಿ ಅವರು ನೀರನ್ನು ಮಾತ್ರ ಕುಡಿದು ಮಲಗಿದರು. ಬೆಳಿಗ್ಗೆ ಎದ್ದು, ‘ಆ ಅಂಗಡಿಯವನನ್ನು ಬಯ್ಯಬೇಡಿರಪ್ಪ, ನೀವು ಕೇಳಿದ್ದಕ್ಕೆ ಅವನು ಸರಿಯಾಗಿಯೇ ಹೇಳಿದ್ದಾನೆ’ ಎಂದರು.

ಅವರ ಮಾತು ನಿಜ. ಜಪಾನೀಯರ ‘ನಿಕು’ ಎಂಬ ಮಾತಿಗೆ ಮಾಂಸವೆಂದು ಅರ್ಥ. ಮೀನು ಅದರೊಳಗೆ ಸೇರುವುದಿಲ್ಲ. ಇದಕ್ಕೆ ಹಳೆಯ ಬೇರುಗಳುಂಟು. ಕ್ರಿ. ಶ. 675ರಲ್ಲಿ ತೆಮ್ಮು ಚಕ್ರವರ್ತಿಯು ದನ, ಕುದುರೆ, ನಾಯಿ, ಕೋತಿ, ಕೋಳಿ ಇವುಗಳ ಮಾಂಸವನ್ನು ವರ್ಷದ ಕೆಲವು ತಿಂಗಳು ತಿನ್ನಕೂಡದೆಂದು ಆಜ್ಞೆ ಮಾಡಿದನು. ಬೌದ್ಧಧರ್ಮದ ಪ್ರಭಾವದಿಂದ ಆ ಸಂಕೋಚವು ಶತಮಾನಗಳ ಕಾಲ ಉಳಿಯಿತು. 1872ರಲ್ಲಿ ಮೇಯ್‌ಜಿ ಚಕ್ರವರ್ತಿಯು ಗೋಮಾಂಸವನ್ನು ತಿಂದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಮೀನಿಗೆ ಮಾತ್ರ ಆ ಪಂಕ್ತಿಯಲ್ಲಿ ಎಂದೂ ಅಡ್ಡಿಯಿರಲಿಲ್ಲ. ನಾವು ನಮ್ಮ ವ್ರತವನ್ನು ಅವರ ಮಾತಿನಲ್ಲಿ ಕೇಳಿದೆವೇ ಹೊರತು, ಅವರ ವ್ರತದ ಹೆಸರು ಏನೆಂದು ವಿಚಾರಿಸಲಿಲ್ಲ.

ಆ ಹೆಸರು ‘ಶೋಜಿನ್’. ಬೌದ್ಧರ ಸಂಸ್ಕೃತದ ‘ವೀರ್ಯ’ ಎಂಬ ಪದಕ್ಕೆ, ಎಂದರೆ ಸಾಧನೆಯಲ್ಲಿನ ಉತ್ಸಾಹಕ್ಕೆ, ಚೀನೀಯರು ಮಾಡಿದ ಭಾಷಾಂತರವೇ ಜಪಾನೀಯರ ಬಾಯಲ್ಲಿ ಹೀಗಾಗಿದೆ. ಅದನ್ನು ಹುಡುಕಿಕೊಂಡು ನಾವು ಒಸಾಕಾ ನಗರದ ದಕ್ಷಿಣಕ್ಕಿರುವ ಕೋಯಾ ಬೆಟ್ಟಕ್ಕೆ ಹೋದೆವು. ಒಂಬತ್ತನೆಯ ಶತಮಾನದ ಆರಂಭದಲ್ಲಿ ಕೂಕಾಯ್ ಎಂಬ ಯತಿಯು ಸ್ಥಾಪಿಸಿದ ಕ್ಷೇತ್ರವದು. ಅಲ್ಲಿನ ಮಠಗಳಲ್ಲಿ ಯಾತ್ರಿಕರಿಗೆ ವಸತಿಯೂ ಊಟವೂ ದೊರೆಯುತ್ತವೆ. ಸಾರಿಗೆ ಮೀನಿಲ್ಲ, ‘ಕೊಂಬು’ ಎಂಬ ಕಡಲಪಾಚಿಯೂ ಒಣಗಿಸಿದ ಅಣಬೆಯೂ ಆ ರುಚಿಯನ್ನು ಕೊಡುತ್ತವೆ. ಎಳ್ಳನ್ನು ನುಣ್ಣಗೆ ಅರೆದು, ಒಂದು ಗೆಡ್ಡೆಯ ಹಿಟ್ಟಿನೊಡನೆ ಕಾಯಿಸಿ ಹೆಪ್ಪುಗಟ್ಟಿಸಿದ ಹಲ್ವದಂಥ ಪದಾರ್ಥ. ಚಳಿಯಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿಟ್ಟ ಸೋಯಾ ಗಿಣ್ಣು. ಈರುಳ್ಳಿ ಬೆಳ್ಳುಳ್ಳಿಗಳು ಅಲ್ಲಿಯೂ ವರ್ಜ್ಯ! ದೊಡ್ಡಮ್ಮನವರು ‘ಇದು ನಮ್ಮ ಮಠದ ಊಟ’ ಎಂದು ಎರಡು ಬಾರಿ ಅನ್ನ ಹಾಕಿಸಿಕೊಂಡರು.

ಅಲ್ಲಿಂದೀಚೆಗೆ, ಯಾವ ದೇಶಕ್ಕೆ ಹೋಗುವುದಾದರೂ, ಅಲ್ಲಿನವರು ಉಪವಾಸದ ದಿನ ಏನು ತಿನ್ನುತ್ತಾರೆಂಬುದನ್ನು ಮೊದಲು ವಿಚಾರಿಸುತ್ತೇವೆ. ಇಥಿಯೋಪಿಯ ದೇಶದ ಕ್ರೈಸ್ತರು ಬುಧವಾರ ಶುಕ್ರವಾರಗಳಲ್ಲಿಯೂ, ಈಸ್ಟರ್ ಹಬ್ಬಕ್ಕೆ ಮುಂಚೆ 55 ದಿನಗಳೂ ಮಾಂಸ, ಮೊಟ್ಟೆ, ಹಾಲು, ಬೆಣ್ಣೆಗಳನ್ನು ಬಿಡುತ್ತಾರೆ. ಆ ಊಟವನ್ನು ‘ಯೆ ತ್ಸೋಮ್’ ಎಂಬ ಹೆಸರಿನಿಂದ ಕೇಳಬೇಕು. ನಮ್ಮ ದೋಸೆಯ ಅಕ್ಕನಂತಿರುವ, ಹುಳಿ ಬರಿಸಿದ ‘ಇಂಜೆರ’. ಅದರ ಮೇಲೆ ತೊಗೆಯಂಥ ಬೇಳೆ, ಕಡಲೆಹಿಟ್ಟಿನ ಗೊಜ್ಜು, ಸೊಪ್ಪಿನ ಪಲ್ಯ. ಆದರೆ ಅವರಲ್ಲಿ ಕೆಲವರು ವ್ರತದ ದಿನ ಮೀನನ್ನು ಒಪ್ಪುತ್ತಾರೆ; ಅದೊಂದನ್ನು ಬಿಡಿಸಿ ಕೇಳುವುದು ಲೇಸು. ಥಾಯ್ ದೇಶದಲ್ಲಿ ‘ಜೇ’ ಎಂಬ ಕೆಂಪಕ್ಷರದ ಹಳದಿ ಬಾವುಟವನ್ನೂ, ವಿಯೆಟ್ನಾಮಿನಲ್ಲಿ ‘ಚಾಯ್’ ಎಂಬ ಫಲಕವನ್ನೂ ಗುರುತಿಟ್ಟುಕೊಂಡರೆ ಸಾಕು.

ಈಗ ಹಾಲನ್ನೂ ಬಿಟ್ಟವರ ಪಕ್ಷವೊಂದುಂಟು. ‘ವೀಗನ್’ ಎಂಬ ಅವರ ಹೆಸರು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಇಂಥವರಿಗೆ ಇಥಿಯೋಪಿಯದ ಶುಕ್ರವಾರವು ಸುಲಭ. ಕಷ್ಟವಾಗುವುದು, ಹೇಳಲು ಸಂಕೋಚವಾಗುತ್ತದೆ, ನಮ್ಮ ಬೆಂಗಳೂರು ಮೈಸೂರುಗಳಲ್ಲಿ. ನಮ್ಮ ಪೊಟ್ಟಣಗಳ ಮೇಲಿನ ಹಸುರು ಚುಕ್ಕೆಯು ಹಾಲನ್ನು ಒಪ್ಪಿಕೊಂಡೇ ಮುದ್ರಿತವಾದದ್ದು. ಹೋದ ವರ್ಷ ಅಂಥ ಅತಿಥಿಯೊಬ್ಬರನ್ನು ನಾವು ಒಂದು ಉಪಾಹಾರಮಂದಿರಕ್ಕೆ ಕರೆದುಕೊಂಡು ಹೋಗಿದ್ದೆವು. ‘ಇಲ್ಲಿ ಎಲ್ಲವೂ ಶುದ್ಧ ಸಸ್ಯಾಹಾರ’ ಎಂದು ಮಾಣಿಯು ಅಭಿಮಾನದಿಂದ ಹೇಳಿ, ಬಿಸಿ ದೋಸೆಯನ್ನು ತಂದಿಟ್ಟನು. ಅದರ ನೆತ್ತಿಯ ಮೇಲೆ ಬೆಣ್ಣೆಯ ಮುದ್ದೆ ಕರಗುತ್ತಿತ್ತು. ಅತಿಥಿಗಳು ನಮ್ಮ ಮುಖವನ್ನು ನೋಡಿದರು. ನಮಗೆ ಕ್ಯೋತೋ ಊಟದ ಮನೆಯಾತನ ನೆನಪಾಯಿತು. ಮಾಣಿಯನ್ನು ಹತ್ತಿರಕ್ಕೆ ಕರೆದು ತುಪ್ಪ, ಬೆಣ್ಣೆ, ಮೊಸರು, ಮಜ್ಜಿಗೆ ಎಂದು ಒಂದೊಂದನ್ನೂ ಹೆಸರು ಹಿಡಿದು ಬೇಡವೆಂದೆವು. ಆತನು ಸ್ವಲ್ಪ ಯೋಚಿಸಿ, ‘ಹಾಗಾದರೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಡುತ್ತೇನೆ ಸ್ವಾಮಿ, ರೊಟ್ಟಿಯನ್ನು ಎಣ್ಣೆಯಲ್ಲೇ ಬೇಯಿಸುವುದು’ ಎಂದು ಒಳಕ್ಕೆ ಹೋದನು.