ಮತದಾನದ ದಿನ ಮನೆಯಲ್ಲಿ ಉಳಿದವರು ಯಾರು?

(ಕಮಲನಗರದಲ್ಲಿ ನಡೆದ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



2024ರ ಮೇ 7ರಂದು ಲೋಕಸಭೆಗೆ ಮತದಾನ ನಡೆಯಿತು. ನಮ್ಮ ಬೀದರ ಕ್ಷೇತ್ರದಲ್ಲಿ ನೂರಕ್ಕೆ ಸುಮಾರು 65 ಮಂದಿ ಓಟು ಹಾಕಿದರು. ಮಂಡ್ಯದಲ್ಲಿ ಅದೇ ಚುನಾವಣೆಯಲ್ಲಿ 81 ದಾಟಿತು. ಓದಿದವರು, ಕಾರು ಇದ್ದವರು ತುಂಬಿರುವ ಬೆಂಗಳೂರು ದಕ್ಷಿಣದಲ್ಲಿ 53 ಮಾತ್ರ. "ಹಳ್ಳಿ ಹೆಣ್ಣುಮಕ್ಕಳಿಗೆ ತಿಳಿವಳಿಕೆ ಇಲ್ಲ" ಅನ್ನುವವರಿಗೆ ಈ ಲೆಕ್ಕ ಹೇಳ್ರಿ.

ಹಾಗಾದರೆ ನಮ್ಮಲ್ಲಿ ಉಳಿದ 35 ಮಂದಿ ಯಾರು? ಎಲ್ಲರೂ ಸೋಮಾರಿಗಳಲ್ಲ. ಕಮಲನಗರ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೈದರಾಬಾದಿಗೆ ಕೂಲಿಗೆ ಹೋದವರ ಹೆಸರು ಇಲ್ಲಿ, ಹೊಟ್ಟೆಪಾಡು ಅಲ್ಲಿ. ಒಂದು ಓಟಿಗೆ ಬರಬೇಕೆಂದರೆ ಎರಡು ದಿನದ ಕೂಲಿ ಹೋಗುತ್ತದೆ, ಮೇಲೆ ಟಿಕೆಟ್ ಖರ್ಚು. ಮತದಾನದ ದಿನ ದಿನಗೂಲಿಯವರಿಗೂ ಸಂಬಳ ಸಹಿತ ರಜೆ ಕೊಡಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಹೇಳುತ್ತದೆ. ಮೇಸ್ತ್ರಿಯ ಮುಂದೆ ಕಲಂ ಹೇಳಿ ಕೆಲಸ ಉಳಿಸಿಕೊಳ್ಳುವುದು ಸುಲಭವೇನ್ರಿ?

ಇನ್ನು ಸೊಸೆಯಂದಿರು. ಉದಗೀರ ಕಡೆಯಿಂದ ಮದುವೆಯಾಗಿ ಬಂದವಳ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಗಂಡನ ಮನೆಯವರು ಓಡಾಡುತ್ತಾರೆ, ಓಟಿನ ಪಟ್ಟಿಗೆ ಯಾರೂ ಓಡುವುದಿಲ್ಲ. ಹೆಣ್ಣಿನ ಹೆಸರು ಬಿಟ್ಟುಹೋಗುವುದು ಹೊಸದಲ್ಲ. 1951-52ರ ಮೊದಲ ಚುನಾವಣೆಯಲ್ಲಿ ದೇಶದ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಹೋಯಿತು. ಕಾರಣ, ಅವರು "ಇಂಥವರ ಹೆಂಡತಿ", "ಇಂಥವರ ತಾಯಿ" ಎಂದಷ್ಟೇ ಬರೆಸಿದ್ದರು, ತಮ್ಮ ಹೆಸರು ಹೇಳಿರಲಿಲ್ಲ.

ನಿಮಗೆ ಹೇಳುವ ನಾನೂ ಒಮ್ಮೆ ಓಟು ಕಳೆದುಕೊಂಡವಳೇ. ವರ್ಗವಾಗಿ ಬೇರೆ ಕಾನ್ವೆಂಟಿಗೆ ಹೋದೆ, ಅರ್ಜಿ ಹಾಕಲಿಲ್ಲ. ತಪ್ಪು ನನ್ನದೇ.

ಮಂಗಳಮುಖಿಯರ ವಿಷಯ ಇನ್ನೂ ಕಷ್ಟ. 2024ರಲ್ಲಿ ದೇಶದಲ್ಲಿ ಪಟ್ಟಿಯಲ್ಲಿದ್ದ ತೃತೀಯ ಲಿಂಗಿಗಳಲ್ಲಿ ಓಟು ಹಾಕಿದವರು ನೂರಕ್ಕೆ 27 ಮಾತ್ರ. ಸಾಲಿನಲ್ಲಿ ನಿಂತರೆ ನಗುವವರಿದ್ದಾರೆ.

ತಾಂಡಾದ ಒಬ್ಬ ಅಕ್ಕ ನನ್ನನ್ನು ಕೇಳಿದಳು: "ಸಿಸ್ಟರ್, ಓಟು ಹಾಕಿದರೆ ನೀರು ಬಂತೇನು?" ಆ ಸಿಟ್ಟನ್ನು ನಾನು ತಪ್ಪು ಅನ್ನಲಾರೆ. ಆದರೆ ಅದೇ ಅಕ್ಕ ಪಂಚಾಯ್ತಿ ಓಟಿಗೆ ಬೆಳಿಗ್ಗೆಯೇ ಹೋಗಿದ್ದಳು. ಅಲ್ಲಿ ನಿಂತವಳು ಪರಿಚಯದವಳು, ನಾಳೆ ಬಾಗಿಲಿಗೆ ಹೋಗಿ ಕೇಳಬಹುದು.

ಮುಂದಿನ ವಾರದ ಸಭೆಗೆ ಎಲ್ಲರೂ ಓಟಿನ ಚೀಟಿ ತನ್ನಿರಿ. ಉಳಿತಾಯ ಕಟ್ಟುವ ಮೊದಲು ಪಟ್ಟಿ ಓದೋಣ. ಮನೆ ಬದಲಾಗಿದ್ದರೆ ನಮೂನೆ 8, ಹೆಸರೇ ಇಲ್ಲದಿದ್ದರೆ ನಮೂನೆ 6. ಮನೆಯಲ್ಲಿ 85 ದಾಟಿದ ಅಜ್ಜಿ ಇದ್ದರೆ ಅದನ್ನೂ ಬರೆಸಿರಿ, ಚುನಾವಣೆ ಘೋಷಣೆಯಾದ ಮೇಲೆ 12ಡಿ ತುಂಬಿದರೆ ಮನೆಗೇ ಬಂದು ಓಟು ಪಡೆಯುತ್ತಾರೆ. ಹೊಸ ಸೊಸೆಯಂದಿರನ್ನು ಕರೆತರುವುದು ಅತ್ತೆಯರ ಜವಾಬ್ದಾರಿ.