ಮಂಜಿನ ರಸ್ತೆಯಲ್ಲಿ ಮೂರನೆಯ ದೀಪ

ಗ್ರೇಟರ್ ನೋಯ್ಡಾದಿಂದ ಆಗ್ರಾವರೆಗಿನ 165 ಕಿ.ಮೀ. ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಜನವರಿಯ ಬೆಳಗಿನ ಜಾವ ಕಾರು ಓಡಿಸಿದವರಿಗೆ ಮಂಜು ಎಂದರೇನೆಂದು ಹೇಳಬೇಕಿಲ್ಲ. ಗಂಟೆಗೆ 100 ಕಿ.ಮೀ. ಇರುವ ವೇಗಮಿತಿಯನ್ನು ಇತ್ತೀಚಿನ ಚಳಿಗಾಲಗಳಲ್ಲಿ 75ಕ್ಕೆ ಇಳಿಸುತ್ತಿದ್ದಾರೆ. ಆದರೆ ಮಂಜಿನಲ್ಲಿ ಕಣ್ಣು ವೇಗವನ್ನು ಹೇಗೆ ಅಳೆಯುತ್ತದೆ?

1998ರಲ್ಲಿ ರಾಬರ್ಟ್ ಸ್ನೋಡನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಒಂದು ಉತ್ತರ ಕೊಟ್ಟರು: ಪ್ರಯೋಗದ ಪರದೆಯ ಮೇಲೆ ತೋರಿಸಿದ ರಸ್ತೆ ಮಸುಕಾದರೆ ಚಾಲಕರಿಗೆ ವೇಗ ಕಡಿಮೆ ಅನ್ನಿಸುತ್ತದೆ, ಇನ್ನೂ ಜೋರಾಗಿ ಓಡಿಸುತ್ತಾರೆ. 2012ರಲ್ಲಿ ಜರ್ಮನಿಯ ಟ್ಯೂಬಿಂಗನ್‌ ಸಂಶೋಧಕರು ಇದನ್ನು ಪ್ರಶ್ನಿಸಿದರು. ಹಳೆಯ ಪ್ರಯೋಗದಲ್ಲಿ ಹತ್ತಿರದ್ದೂ ದೂರದ್ದೂ ಒಂದೇ ಸಮ ಮಸುಕು. ನಿಜವಾದ ಮಂಜು ದೂರದ್ದನ್ನು ನುಂಗಿ ಬಾನೆಟ್ ಮುಂದಿನ ಬಿಳಿ ಪಟ್ಟಿಯನ್ನು ಉಳಿಸುತ್ತದೆ. ಹಾಗೆಯೇ ತೋರಿಸಿದಾಗ ಜನ ವೇಗ ತಗ್ಗಿಸಿದರು!

ವೇಗ ತಗ್ಗಿಸಿದರೂ ಸಾಲದು, ಮುಂದಿನ ಗಾಡಿ ಬ್ರೇಕ್ ಹಾಕಿದ್ದು ಗೊತ್ತಾಗಬೇಕು. ಹಿಂಬದಿಯ ಕೆಂಪು ದೀಪಕ್ಕೂ ಬ್ರೇಕ್ ದೀಪಕ್ಕೂ ಬಣ್ಣ ಒಂದೇ, ಹೆಚ್ಚಿನ ಕಾರುಗಳಲ್ಲಿ ಜಾಗವೂ ಒಂದೇ, ಹೊಳಪಷ್ಟೇ ಬೇರೆ. ಮಂಜಿನಲ್ಲಿ ಆ ವ್ಯತ್ಯಾಸ ಕಣ್ಣಿಗೆ ಸಿಕ್ಕುವುದು ಕಷ್ಟ.

ಬ್ರೇಕಿಗೆಂದೇ ಬೇರೆ ದೀಪವಿದ್ದರೆ? ಇದನ್ನು ಬೀದಿಯಲ್ಲೇ ಪರೀಕ್ಷಿಸಿದವರು ಮನೋವಿಜ್ಞಾನಿ ಜಾನ್ ವೊಯೆವೊಡ್‌ಸ್ಕಿ. ಸ್ಯಾನ್ ಫ್ರಾನ್ಸಿಸ್ಕೊದ 343 ಟ್ಯಾಕ್ಸಿಗಳ ಹಿಂಭಾಗಕ್ಕೆ, ಬ್ರೇಕ್ ಒತ್ತಿದಾಗ ಮಿನುಗುವ ದೀಪವೊಂದನ್ನು ಕೂಡಿಸಿದರು. ಉಳಿದ ಟ್ಯಾಕ್ಸಿಗಳನ್ನು ಹಾಗೇ ಬಿಟ್ಟರು. ದೀಪವಿದ್ದವುಗಳಿಗೆ ಹಿಂದಿನಿಂದ ಗುದ್ದುವುದು ಶೇ. 60ರಷ್ಟು ಕಡಿಮೆಯಾಯಿತೆಂದು 1974ರಲ್ಲಿ ವರದಿ ಮಾಡಿದರು. ಆಮೇಲೆ ವಾಷಿಂಗ್ಟನ್‌ನ ಟ್ಯಾಕ್ಸಿಗಳಲ್ಲಿ ಬೇರೆ ಬೇರೆ ಜೋಡಣೆಗಳನ್ನು ಹೋಲಿಸಿದಾಗ, ನಡುವೆ ಎತ್ತರದಲ್ಲಿರುವ ಒಂಟಿ ದೀಪವೇ ಗೆದ್ದಿತು. 1986ರ ಮಾದರಿಯಿಂದ ಅಮೆರಿಕದ ಕಾರುಗಳಿಗೆ ಈ ಮೂರನೆಯ ದೀಪ ಕಡ್ಡಾಯವಾಯಿತು.

ನನಗೆ ಮುಖ್ಯವೆನಿಸುವುದು ಮುಂದಿನ ಸಂಗತಿ. ಎಲ್ಲ ಕಾರುಗಳಿಗೂ ದೀಪ ಬಂದು ರೂಢಿಯಾದ ಮೇಲೆ ಅಲ್ಲಿನ ಸರ್ಕಾರಿ ಸಂಸ್ಥೆ ಮತ್ತೆ ಲೆಕ್ಕ ಹಾಕಿತು. ಲಾಭ ಶೇ. 4.3ಕ್ಕೆ ಇಳಿದಿತ್ತು. ಹೊಸದಕ್ಕೆ ಚುರುಕಾಗುವ ಕಣ್ಣು ಹಳೆಯದಕ್ಕೆ ಒಗ್ಗಿಹೋಗುತ್ತದೆ. ಹಾಗೆಂದು ದೀಪ ವ್ಯರ್ಥವಲ್ಲ, ಆ 4.3 ಎಂದರೆ ವರ್ಷಕ್ಕೆ ಸುಮಾರು 2 ಲಕ್ಷ ಅಪಘಾತ ತಪ್ಪಿದಂತೆ. ಆದರೆ ಒಮ್ಮೆ ಪರೀಕ್ಷಿಸಿ ಕೈತೊಳೆದುಕೊಳ್ಳುವಂತಿಲ್ಲ.

ನಮ್ಮೂರು ಗ್ರೇಟರ್ ನೋಯ್ಡಾದ ಎಕ್ಸ್‌ಪೋ ಮಾರ್ಟ್‌ನಲ್ಲಿ 2014ರಿಂದ 2023ರವರೆಗೆ ಆಟೋ ಎಕ್ಸ್‌ಪೋ ನಡೆಯಿತು. ಸಭಾಂಗಣದ ಬೆಳಕಿನಲ್ಲಿ ಯಾವ ದೀಪವೂ ಚೆಂದವೇ. ಅದರ ಪರೀಕ್ಷೆ ಆಗಬೇಕಾದದ್ದು ಕಬ್ಬು ಹೇರಿಕೊಂಡು ನಿಂತ ಟ್ರ್ಯಾಕ್ಟರ್ ಟ್ರಾಲಿಯ ಪಕ್ಕ, ನಮ್ಮದೇ ಮಂಜಿನಲ್ಲಿ. ಕಂಪನಿಗಳು ಅದನ್ನು ಮಾಡಲಿ. ನೀವು ಇವತ್ತು ಮನೆಗೆ ಹೋದಾಗ ಒಬ್ಬರನ್ನು ಬ್ರೇಕ್ ಒತ್ತಲು ಕೂರಿಸಿ, ಮೂರೂ ದೀಪ ಹೊತ್ತುತ್ತವೆಯೇ ಎಂದು ಹಿಂದೆ ನಿಂತು ನೋಡಿ.